ಗಾಳಿ ಸ್ಪ್ರಿಂಗ್ ಎಷ್ಟು ಗಡಸು? ಎಷ್ಟು ಬೇಗ ಅದುಮುತ್ತೀರಿ ಹೇಳಿ

(ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವರ್ಕ್‌ಶಾಪ್ ಮೆಕ್ಯಾನಿಕ್‌ಗಳು ಒಟ್ಟಿಗೆ ಕೂತಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಸ್ ಸ್ಟ್ಯಾಂಡಿನಲ್ಲಿ ನಿಂತ ದೊಡ್ಡ ಬಸ್ಸಿನಿಂದ ಆಗಾಗ ‘ಚುಸ್ಸ್’ ಅಂತ ಸದ್ದು ಬರುತ್ತದಲ್ಲ, ಅದು ಒಂದೇ ಸದ್ದಲ್ಲ. ಬಾಗಿಲು ತೆರೆದಾಗ ಬರುವುದು ಬೇರೆ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಬರುವುದು ಬೇರೆ. ಏರ್ ಡ್ರೈಯರ್ ತನ್ನಲ್ಲಿ ಸೇರಿದ ತೇವವನ್ನು ಹೊರಗೆ ಉಗುಳುವಾಗ ಬರುವುದು ಇನ್ನೊಂದು. ಜನ ಇಳಿದು ಬಸ್ಸು ಹಗುರವಾದಾಗ ಸಸ್ಪೆನ್ಷನ್ನಿನಿಂದ ಮೆತ್ತಗೆ ಗಾಳಿ ಬಿಡುವ ಸದ್ದೂ ಅದರಲ್ಲಿದೆ. ಇಲ್ಲಿ ಕೂತಿರುವ ಮೆಕ್ಯಾನಿಕ್‌ಗಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕಿವಿಯಲ್ಲೇ ಕಂಡುಹಿಡಿಯುತ್ತೀರಿ. ನನ್ನ ಕೆಲಸ ಇದೇ ಗಾಳಿಯನ್ನು ಕಂಪ್ಯೂಟರಿನೊಳಗೆ ಓಡಿಸುವುದು. ಬಸ್ಸನ್ನೋ ರೈಲನ್ನೋ ಕಟ್ಟುವ ಮೊದಲೇ ಅದು ಹೇಗೆ ಕುಣಿಯುತ್ತದೆ, ಬ್ರೇಕ್ ಎಷ್ಟು ಬೇಗ ಹಿಡಿಯುತ್ತದೆ ಅಂತ ಲೆಕ್ಕ ಹಾಕುವುದು.

ಉಕ್ಕಿನ ಸ್ಪ್ರಿಂಗಿನ ಬದಲು ಗಾಡಿಯ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲವೇ ಗಾಳಿ ಸ್ಪ್ರಿಂಗ್. ಇದು ಹೊಸದೇನಲ್ಲ. ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 1930ರ ದಶಕದಲ್ಲೇ ಇದರ ಕೆಲಸ ಶುರು ಮಾಡಿತ್ತು. 1950ರ ದಶಕದಲ್ಲಿ ಅದು ಅಲ್ಲಿನ ಗ್ರೇಹೌಂಡ್ ಬಸ್ಸುಗಳಿಗೆ ಬಂತು. ನಮ್ಮಲ್ಲಿ ಬಹಳ ಜನಕ್ಕೆ ಇದರ ಸುಖ ಗೊತ್ತಾಗಿದ್ದು 2001ರ ನಂತರ, ವೋಲ್ವೊ ಬಿ7ಆರ್ ಬಸ್ಸು ರಸ್ತೆಗೆ ಇಳಿದ ಮೇಲೆ. ಐರಾವತದಲ್ಲಿ ಕೂತು ಮಂಗಳೂರಿಗೆ ಹೋದವರಿಗೆ ಕೆಂಪು ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಸೊಂಟಕ್ಕೇ ಗೊತ್ತು.

ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಒಂದು ಲೆಕ್ಕ ಮಾಡೋಣ. ಒಂದು ರಬ್ಬರ್ ಚೀಲ. ಒಳಗೆ 15 ಲೀಟರ್ ಜಾಗ. ಭಾರ ಹೊರುವ ವಿಸ್ತೀರ್ಣ 0.05 ಚದರ ಮೀಟರ್, ಅಂದರೆ ಸುಮಾರು 25 ಸೆಂಟಿಮೀಟರ್ ಅಡ್ಡಳತೆಯ ಒಂದು ವೃತ್ತ. ಗೇಜಿನಲ್ಲಿ 5 ಬಾರ್ ತೋರಿಸಿದರೆ ಇದು 25 ಸಾವಿರ ನ್ಯೂಟನ್ ಹೊರುತ್ತದೆ. ಎರಡೂವರೆ ಟನ್ ಅಂತ ಇಟ್ಟುಕೊಳ್ಳಿ. ಇದರ ಗಡಸುತನ, ಅಂದರೆ ಸ್ಟಿಫ್‌ನೆಸ್, ತೆಗೆಯುವುದು ಸುಲಭ. ಒಟ್ಟು ಒತ್ತಡವನ್ನು ವಿಸ್ತೀರ್ಣದ ವರ್ಗದಿಂದ ಗುಣಿಸಿ, ಗಾತ್ರದಿಂದ ಭಾಗಿಸಿ. ಅದನ್ನು ‘ಎನ್’ ಅನ್ನುವ ಒಂದು ಸಂಖ್ಯೆಯಿಂದ ಗುಣಿಸಿ. ಒಟ್ಟು ಒತ್ತಡ ಅಂದರೆ ಗೇಜಿನ 5ಕ್ಕೆ ಹೊರಗಿನ ವಾತಾವರಣದ 1 ಸೇರಿಸಿ 6 ಬಾರ್. ಇದನ್ನು ಮರೆಯುವವರು ಜಾಸ್ತಿ. ಎನ್ ಅಂದರೇನು ಅಂತ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ 1.4 ಅಂತ ಹಿಡಿಯಿರಿ. ಉತ್ತರ ಮೀಟರಿಗೆ 1,40,000 ನ್ಯೂಟನ್. ಎರಡೂವರೆ ಟನ್ ಭಾರ ಇದರ ಮೇಲೆ ಸೆಕೆಂಡಿಗೆ 1.18 ಸಲ ಏರಿಳಿಯುತ್ತದೆ.

ಈಗ ಅರ್ಧ ಭಾರ ಇಳಿಸಿ. ಲೆವೆಲಿಂಗ್ ವಾಲ್ವ್ ಗಾಳಿ ಬಿಟ್ಟು ಎತ್ತರವನ್ನು ಮೊದಲಿನಂತೆಯೇ ಇಡುತ್ತದೆ. ಗೇಜಿನಲ್ಲಿ ಎರಡೂವರೆ ಬಾರ್. ಲೆಕ್ಕ ಮಾಡಿದರೆ ಸೆಕೆಂಡಿಗೆ 1.27 ಸಲ. ಹೆಚ್ಚು ಕಡಿಮೆ ಮೊದಲಿನಷ್ಟೇ, ಅಲ್ವಾ? ಅದೇ 1,40,000ದ ಉಕ್ಕಿನ ಪ್ಲೇಟ್ ಸ್ಪ್ರಿಂಗ್ ಹಾಕಿ ಅರ್ಧ ಭಾರ ಇಳಿಸಿದರೆ 1.67 ಆಗುತ್ತದೆ. ಖಾಲಿ ಬಸ್ಸು ಕುಲುಕುವುದು ಅದಕ್ಕೇ. ಭಾರ ಕಡಿಮೆಯಾದಾಗ ಗಾಳಿ ಸ್ಪ್ರಿಂಗ್ ತಾನೂ ಮೆತ್ತಗಾಗುತ್ತದೆ, ಉಕ್ಕು ಆಗುವುದಿಲ್ಲ.

ಇಷ್ಟೇ ಆಗಿದ್ದರೆ ಕಂಪ್ಯೂಟರ್ ಯಾಕೆ, ಕ್ಯಾಲ್ಕ್ಯುಲೇಟರ್ ಸಾಕಾಗಿತ್ತು. ತಕರಾರು ಶುರುವಾಗುವುದು ಆ ‘ಎನ್’ನಿಂದ.

ಸೈಕಲ್ ಪಂಪ್ ಹೊಡೆದವರಿಗೆಲ್ಲ ಅದರ ತುದಿ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಬೇಗ ಅದುಮಿದರೆ ಬಿಸಿಯಾಗುತ್ತದೆ. ಬಿಸಿ ಗಾಳಿ ಜಾಸ್ತಿ ಒತ್ತುತ್ತದೆ. ನಮ್ಮ ಚೀಲವನ್ನೇ ತಗೊಳ್ಳಿ. ಒಳಗಿನ ಗಾಳಿ 27 ಡಿಗ್ರಿಯಲ್ಲಿದೆ. ಹಂಪ್ ಹತ್ತಿದಾಗ 15 ಲೀಟರ್ ಇದ್ದದ್ದು ಥಟ್ಟನೆ 12 ಆಯಿತು. ಶಾಖ ಹೊರಗೆ ಹೋಗಲು ಸಮಯವೇ ಇಲ್ಲ. ಗಾಳಿ 55 ಡಿಗ್ರಿ ಮುಟ್ಟುತ್ತದೆ, ಒಟ್ಟು ಒತ್ತಡ 6ರಿಂದ 8.2 ಬಾರ್‌ಗೆ ಏರುತ್ತದೆ. ಈಗ ಚೀಲವನ್ನು ಹಾಗೇ ಹಿಡಿದಿಟ್ಟುಕೊಳ್ಳಿ. ಶಾಖ ರಬ್ಬರಿಗೆ, ಲೋಹದ ತಟ್ಟೆಗೆ ಸೋರಿ ಹೋಗುತ್ತದೆ. ಒತ್ತಡ ಮೆಲ್ಲಗೆ ಇಳಿದು 7.5ಕ್ಕೆ ನಿಲ್ಲುತ್ತದೆ. ಚೀಲ ಅದೇ, ಗಾಳಿ ಅದೇ, ಎತ್ತರ ಅದೇ. ಆದರೂ ಉತ್ತರ ಎರಡು. ಬೇಗ ಅದುಮಿದರೆ ಎನ್ 1.4. ನಿಧಾನಕ್ಕೆ ಅದುಮಿದರೆ ಎನ್ 1. ಹಾಗಾಗಿ ಯಾರಾದರೂ ‘ಈ ಗಾಳಿ ಸ್ಪ್ರಿಂಗಿನ ಸ್ಟಿಫ್‌ನೆಸ್ ಎಷ್ಟು’ ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಎಷ್ಟು ಹೊತ್ತಿನ ಲೆಕ್ಕದಲ್ಲಿ?

ಇದೇ ಗೊಂದಲ ನ್ಯೂಟನ್‌ಗೂ ಆಗಿತ್ತು. 1687ರಲ್ಲಿ ಅವನು ಗಾಳಿಯಲ್ಲಿ ಶಬ್ದದ ವೇಗವನ್ನು ಲೆಕ್ಕ ಹಾಕಿದ. ಅಳತೆಗಿಂತ ಸುಮಾರು 15 ಶೇಕಡಾ ಕಡಿಮೆ ಬಂತು. ಅವನ ಲೆಕ್ಕದಲ್ಲಿ ಗಾಳಿಯ ಉಷ್ಣತೆ ಬದಲಾಗುವುದಿಲ್ಲ. ಶಬ್ದದ ಅಲೆ ಅಷ್ಟು ಬೇಗ ಓಡುವಾಗ ಶಾಖಕ್ಕೆ ಹೊರಗೆ ಹೋಗಲು ಪುರುಸೊತ್ತಿಲ್ಲ ಅಂತ ಹೇಳಿ 1816ರಲ್ಲಿ ಅದನ್ನು ಸರಿ ಮಾಡಿದವನು ಲಾಪ್ಲಾಸ್. ಅವನು ಸೇರಿಸಿದ್ದು 1.4ರ ವರ್ಗಮೂಲ, ಅಂದರೆ 1.18. ನಮ್ಮ ಬಸ್ಸಿನ ಲೆಕ್ಕದಲ್ಲಿ ಎನ್ 1 ಅಂತ ಹಾಕಿ ನೋಡಿ. ಸೆಕೆಂಡಿಗೆ 1 ಸಲ ಬರುತ್ತದೆ. 1.4 ಹಾಕಿದರೆ 1.18. ಅದೇ ಸಂಖ್ಯೆ! ನನಗೆ ಇದು ಪ್ರತಿ ಸಲವೂ ಖುಷಿ ಕೊಡುತ್ತದೆ.

ಬಹಳ ಜನ ಎನ್‌ಗೆ 1.38 ಅಂತ ಒಂದು ಸಂಖ್ಯೆ ಹಾಕಿ ಸುಮ್ಮನಾಗುತ್ತಾರೆ. ಸವಾರಿ ಹಿತವಾಗಿದೆಯಾ ಅಂತ ಮಾತ್ರ ನೋಡಬೇಕಿದ್ದರೆ ಅದು ತಪ್ಪಲ್ಲ. ಒಂದು ಸೆಕೆಂಡಿನ ಕುಣಿತದಲ್ಲಿ ಶಾಖ ಹೊರಹೋಗುವುದು ಕಡಿಮೆ. ಆದರೆ ಅದೇ ಮಾಡೆಲ್ ಇಟ್ಟುಕೊಂಡು ಲೆವೆಲಿಂಗ್ ವಾಲ್ವ್ ಎಷ್ಟು ಗಾಳಿ ತಿನ್ನುತ್ತದೆ ಅಂತ ಕೇಳಿದರೆ ಅದು ಸುಳ್ಳು ಹೇಳುತ್ತದೆ. ಆ ಕೆಲಸ ನಡೆಯುವುದು ಹತ್ತಾರು ಸೆಕೆಂಡಿನಲ್ಲಿ. ಅಷ್ಟರಲ್ಲಿ ಶಾಖ ಅರ್ಧ ದಾರಿ ಹೋಗಿರುತ್ತದೆ. ಇದಕ್ಕೆ ಎನ್ ಅನ್ನೇ ಬಿಟ್ಟು ಬೇರೆ ದಾರಿ ಹಿಡಿಯಬೇಕು. ಚೀಲದೊಳಗೆ ಎಷ್ಟು ಗಾಳಿ ಇದೆ, ಅದರ ಉಷ್ಣತೆ ಎಷ್ಟು, ಗೋಡೆಗೆ ಎಷ್ಟು ಶಾಖ ಹೋಗುತ್ತಿದೆ ಅನ್ನುವುದನ್ನು ಕ್ಷಣ ಕ್ಷಣಕ್ಕೂ ಲೆಕ್ಕ ಹಾಕಬೇಕು. ಆಗ ಎನ್ ಅನ್ನು ನಾವು ಕೊಡಬೇಕಾಗಿಲ್ಲ, ಅದೇ ಹೊರಬೀಳುತ್ತದೆ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಡೊಕಿಯೇ, ಫಿಸೆಟ್ ಮತ್ತು ಜಾನ್‌ಮಾರ್ 2007ರಲ್ಲಿ ರೈಲು ಬೋಗಿಗಳಿಗೆ ಹೀಗೇ ಮಾಡಿ ತೋರಿಸಿದರು.

ಇನ್ನೂ ನಿಧಾನಕ್ಕೆ ಹೋಗೋಣ. ಒಂದು ರಾತ್ರಿ. ಸಂಜೆ ಬಂದು ನಿಂತ ಬಸ್ಸು ಬೆಳಿಗ್ಗೆ ಕುಸಿದು ಕೂತಿದೆ. ‘ಚೀಲ ಲೀಕ್ ಇದೆ, ಬದಲಾಯಿಸಿ’ ಅಂತ ಚೀಟಿ ಬರುತ್ತದೆ. ಇರಬಹುದು. ಆದರೆ ಸಂಜೆ ಗಾಳಿ 45 ಡಿಗ್ರಿ ಇತ್ತು, ಬೆಳಿಗ್ಗೆ 20ಕ್ಕೆ ಇಳಿದಿದೆ ಅಂದುಕೊಳ್ಳಿ. ಭಾರ ಬದಲಾಗಿಲ್ಲ, ಹಾಗಾಗಿ ಒತ್ತಡವೂ ಬದಲಾಗುವುದಿಲ್ಲ. ಗಾತ್ರ ಕುಗ್ಗಬೇಕು. 15 ಲೀಟರಿನಲ್ಲಿ 1.2 ಲೀಟರ್ ಹೋಗುತ್ತದೆ. ನಮ್ಮ ಚೀಲದ ವಿಸ್ತೀರ್ಣಕ್ಕೆ ಅದು 24 ಮಿಲಿಮೀಟರ್ ಇಳಿತ. ಒಂದು ಗುಳ್ಳೆಯಷ್ಟೂ ಲೀಕ್ ಇಲ್ಲದೆ! ಸೋಪಿನ ನೀರು ಹಚ್ಚಿ ನೋಡುವ ಮೊದಲು ಥರ್ಮಾಮೀಟರ್ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಒಂದೆರಡು ಇಂಚಿಗಿಂತ ಜಾಸ್ತಿ ಇಳಿದಿದ್ದರೆ ಮಾತ್ರ ಚೀಲವನ್ನು ಬೈಯಿರಿ.

ಈಗ ರೈಲಿಗೆ ಬರೋಣ. ನಮ್ಮ ಮೆಟ್ರೊ ಬೋಗಿಗಳಲ್ಲೂ ಪೆಟ್ಟಿಗೆ, ಅಂದರೆ ಜನ ಕೂರುವ ಭಾಗ, ಕೂತಿರುವುದು ಗಾಳಿ ಸ್ಪ್ರಿಂಗಿನ ಮೇಲೆಯೇ. ರೈಲಿನ ಚೀಲಗಳು ದೊಡ್ಡವು. ವಿಸ್ತೀರ್ಣ 0.25 ಚದರ ಮೀಟರ್, ಗೇಜ್ ಒತ್ತಡ 4 ಬಾರ್ ಅಂತ ಇಟ್ಟುಕೊಂಡರೆ ಒಂದೊಂದೂ ಹತ್ತು ಟನ್ ಹೊರುತ್ತದೆ. ಇನ್ನೂ ಮೆತ್ತಗೆ ಬೇಕು ಅಂತ ಪಕ್ಕದಲ್ಲಿ ಒಂದು ಟ್ಯಾಂಕ್ ಇಟ್ಟು ಪೈಪಿನಿಂದ ಜೋಡಿಸುತ್ತಾರೆ. ಗಾತ್ರ ಎರಡು ಪಟ್ಟಾದರೆ ಗಡಸು ಅರ್ಧ. ಪೇಪರಿನ ಮೇಲೆ.

ನಿಜದಲ್ಲಿ ನಡುವೆ ಪೈಪ್ ಇದೆ. 25 ಮಿಲಿಮೀಟರ್ ಅಡ್ಡಳತೆ, 2 ಮೀಟರ್ ಉದ್ದ. ಅದರೊಳಗಿರುವ ಗಾಳಿಯ ತೂಕ 6 ಗ್ರಾಂ ಕೂಡ ಇಲ್ಲ, 5.7. ಆದರೆ ಚೀಲ ಸ್ವಲ್ಪ ಇಳಿದರೂ ಪೈಪಿನೊಳಗಿನ ಗಾಳಿ ಅದರ 500 ಪಟ್ಟು ವೇಗದಲ್ಲಿ ಓಡಬೇಕು, ಯಾಕೆಂದರೆ ಚೀಲದ ವಿಸ್ತೀರ್ಣ ಪೈಪಿನ 500 ಪಟ್ಟು. ಚಲಿಸುವ ಶಕ್ತಿ ವೇಗದ ವರ್ಗದ ಹಾಗೆ ಬೆಳೆಯುತ್ತದೆ. ಎಲ್ಲ ಗಾಳಿಯೂ ಪೈಪಿನ ಮೂಲಕವೇ ಹೋಗುತ್ತದೆ ಅಂತ ಹಿಡಿದರೆ, ಬೋಗಿಯ ಕಡೆಯಿಂದ ನೋಡಿದಾಗ ಆ 5.7 ಗ್ರಾಂ ಸುಮಾರು 1.5 ಟನ್ ಭಾರದಂತೆ ವರ್ತಿಸುತ್ತದೆ! ಸುಮ್ನೆ ಹೇಳುತ್ತಿಲ್ಲ, 500ರ ವರ್ಗ ಮಾಡಿ ನೋಡಿ. ಸ್ವೀಡನ್ನಿನ ಕೆಟಿಎಚ್ ವಿಶ್ವವಿದ್ಯಾಲಯದಲ್ಲಿ ಮಾಟ್ಸ್ ಬರ್ಗ್ ರೈಲಿಗೆಂದೇ ಮಾಡಿದ ಮಾಡೆಲ್ಲಿನಲ್ಲಿ ಈ ಭಾರಕ್ಕೆ ಬೇರೆಯೇ ಜಾಗ ಇದೆ. ರಬ್ಬರಿನ ತಿಕ್ಕಾಟಕ್ಕೆ ಒಂದು, ಪೈಪಿನ ತಡೆಗೆ ಇನ್ನೊಂದು ಇದೆ. ಆ ತಡೆ ವೇಗದ 1.8ನೇ ಘಾತದಂತೆ ಏರುತ್ತದೆ.

ಪರಿಣಾಮ ಏನು? ನಿಧಾನವಾಗಿ ಏರಿಳಿದರೆ ಟ್ಯಾಂಕ್ ಸಹಾಯಕ್ಕೆ ಬರುತ್ತದೆ. ಬೇಗ ಏರಿಳಿದರೆ ಪೈಪಿನ ಗಾಳಿ ಜಗ್ಗುವುದೇ ಇಲ್ಲ, ಟ್ಯಾಂಕ್ ಇದ್ದೂ ಇಲ್ಲದಂತೆ. ನಡುವಿನ ಯಾವುದೋ ಒಂದು ವೇಗದಲ್ಲಿ ಪೈಪಿನ ಗಾಳಿಯೇ ಅನುರಣಿಸುತ್ತದೆ. ಪೈಪಿನಲ್ಲಿ ಸರಿಯಾದ ಅಳತೆಯ ತೂತು ಇಟ್ಟರೆ ಆ ವೇಗದ ಏರಿಳಿತಕ್ಕೆ ಅದು ಶಾಕ್ ಅಬ್ಸಾರ್ಬರಿನ ಕೆಲಸ ಮಾಡುತ್ತದೆ. ಆ ತೂತಿನ ಅಳತೆ ಕಂಡುಹಿಡಿಯುವುದೇ ಸಿಮ್ಯುಲೇಷನ್ನಿನ ಅಸಲು ದುಡಿಮೆ. ಕೈಯಲ್ಲಿ ತೂತು ಕೊರೆದು ಕೊರೆದು ನೋಡುವುದಕ್ಕಿಂತ ಅಗ್ಗ.

ಈಗ ಸ್ವಲ್ಪ ಒಳಮನೆಯ ಮಾತು. ವಿದ್ಯಾರ್ಥಿಗಳು ಸಿಮ್ಯುಲೇಷನ್ನಿಗೆ ಅಮೆಸಿಮ್, ಮೊಡೆಲಿಕಾ, ಸಿಮ್‌ಸ್ಕೇಪ್ ಯಾವುದನ್ನಾದರೂ ಬಳಸಿ. ಒಂದು ದಿನ ಹೀಗಾಗಿಯೇ ಆಗುತ್ತದೆ: ಬಸ್ಸು ಹಳ್ಳಕ್ಕೆ ಬಿದ್ದು ಎದ್ದಾಗ ಸಿಮ್ಯುಲೇಷನ್ ಲೀಲಾಜಾಲವಾಗಿ ಓಡುತ್ತದೆ. ಎಲ್ಲ ಶಾಂತವಾಗಿ ನಿಂತ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಏನೂ ನಡೆಯದಿದ್ದಾಗಲೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಯಾಕೆ?

ತೂತಿನ ಮೂಲಕ ಹೋಗುವ ಗಾಳಿಯ ಸ್ವಭಾವ ನೋಡಿ. ಆಚೆ ಬದಿಯ ಒತ್ತಡ ಈಚೆಯದರ 0.528 ಪಟ್ಟಿಗಿಂತ ಕಡಿಮೆ ಇದ್ದರೆ ಗಾಳಿ ಶಬ್ದದ ವೇಗ ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಆಚೆ ಇನ್ನೆಷ್ಟು ಕಡಿಮೆ ಮಾಡಿದರೂ ಜಾಸ್ತಿ ಹರಿಯುವುದಿಲ್ಲ. 6 ಬಾರ್ ಚೀಲವನ್ನು ಹೊರಗೆ ಬಿಟ್ಟರೆ 1.9 ಬಾರ್ ತನಕ ಹೀಗೇ. ಇದು ಕಂಪ್ಯೂಟರಿಗೆ ಸುಲಭ. ನಿಜವಾದ ವಾಲ್ವ್‌ಗಳಲ್ಲಿ ಆ 0.528 ಇನ್ನೂ ಕೆಳಗಿರುತ್ತದೆ. ವಾಲ್ವಿನ ಹರಿವು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6358 ಪ್ರಕಾರ ಅಳೆದು ಕೊಟ್ಟಿದ್ದರೆ ಅದನ್ನೇ ಹಾಕಿ. ಕಷ್ಟ ಇರುವುದು ಇನ್ನೊಂದು ತುದಿಯಲ್ಲಿ. ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಸಮ ಆದಾಗ ಹರಿವು ಒತ್ತಡದ ವ್ಯತ್ಯಾಸದ ವರ್ಗಮೂಲದಂತೆ ನಡೆಯುತ್ತದೆ. ವರ್ಗಮೂಲದ ಗೆರೆ ಸೊನ್ನೆಯ ಹತ್ತಿರ ನೆಟ್ಟಗೆ ನಿಲ್ಲುತ್ತದೆ. ಒತ್ತಡ ಕೂದಲೆಳೆಯಷ್ಟು ಬದಲಾದರೂ ಹರಿವು ಜಿಗಿಯುತ್ತದೆ, ಜಿಗಿದದ್ದು ಒತ್ತಡವನ್ನು ಆಚೆ ದಾಟಿಸುತ್ತದೆ, ಹರಿವು ತಿರುಗುತ್ತದೆ. ಇದನ್ನು ಹಿಡಿಯಲು ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ, ತನ್ನ ಸಮಯದ ಹೆಜ್ಜೆಯನ್ನು ಮೈಕ್ರೊಸೆಕೆಂಡಿಗೆ ಇಳಿಸುತ್ತದೆ. ಪರಿಹಾರ ಸರಳ. ಒತ್ತಡಗಳ ಅನುಪಾತ 0.999 ದಾಟಿದರೆ ವರ್ಗಮೂಲ ಬಿಟ್ಟು ನೇರ ಗೆರೆ ಬಳಸಿ. ಅಷ್ಟು ಮೆಲ್ಲಗೆ ಹರಿಯುವಾಗ ನಿಜವಾದ ಗಾಳಿಯೂ ಹಾಗೆಯೇ ಹರಿಯುತ್ತದೆ, ಹಾಗಾಗಿ ಇದು ಮೋಸವೂ ಅಲ್ಲ.

ಎರಡನೇ ಕಾಟ ಚಿಕ್ಕ ಗಾತ್ರಗಳದು. 60 ಲೀಟರಿನ ಟ್ಯಾಂಕ್ ಪಕ್ಕ ವಾಲ್ವಿನೊಳಗೆ 10 ಸಿಸಿ ಮೂಲೆ. ಟ್ಯಾಂಕ್ ತುಂಬಲು ನಿಮಿಷ ಬೇಕು. ಆ ಮೂಲೆಗೆ ಮಿಲಿಸೆಕೆಂಡೂ ಬೇಡ. ಎರಡನ್ನೂ ಒಂದೇ ಲೆಕ್ಕದಲ್ಲಿ ಓಡಿಸಬೇಕು. ಇಂಥದ್ದಕ್ಕೆಂದೇ ಇರುವ ಸಾಲ್ವರ್‌ಗಳಲ್ಲಿ 1980ರ ದಶಕದ ಆರಂಭದಲ್ಲಿ ಲಿಂಡಾ ಪೆಟ್ಜೋಲ್ಡ್ ಬರೆದ ಡ್ಯಾಸೆಲ್ ಇವತ್ತಿಗೂ ಅನ್ನ ಹಾಕುತ್ತಿದೆ. ಆದರೆ ಬಸ್ಸಿನ ಕಂಟ್ರೋಲ್ ಯುನಿಟ್ಟನ್ನು ಜೋಡಿಸಿ ನಿಜವಾದ ಸಮಯದಲ್ಲೇ ಓಡಿಸಬೇಕಾದಾಗ ಅದೂ ನಡೆಯುವುದಿಲ್ಲ. ಮಿಲಿಸೆಕೆಂಡಿಗೊಂದು ಹೆಜ್ಜೆ, ತಡವಾಗುವ ಹಾಗಿಲ್ಲ. ಆಗ ಆ 10 ಸಿಸಿಯನ್ನು ಕಿತ್ತೇ ಹಾಕಬೇಕು. ಏನನ್ನು ಕಿತ್ತು ಹಾಕಬಹುದು ಅಂತ ಗೊತ್ತಿರುವವನಿಗೇ ಈ ಕೆಲಸದಲ್ಲಿ ಸಂಬಳ. ಬಣ್ಣ ಬಣ್ಣದ ಅನಿಮೇಷನ್ ಮೀಟಿಂಗಿಗೆ ಇರಲಿ.

ಲೆವೆಲಿಂಗ್ ವಾಲ್ವಿನ ಬಗ್ಗೆ ಒಂದು ಮಾತು. ಇದು ಚುರುಕಾಗಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಅಲ್ಲ. ಶಿರಾಡಿ ಘಾಟಿಯಲ್ಲಿ ಒಂದು ಉದ್ದ ತಿರುವು ನೆನಪಿಸಿಕೊಳ್ಳಿ. ಬಸ್ಸು ಹೊರಗಡೆಗೆ ವಾಲುತ್ತದೆ. ಹೊರಬದಿಯ ಚೀಲ ಅದುಮಿತು ಅಂತ ವಾಲ್ವ್ ಅದಕ್ಕೆ ಗಾಳಿ ತುಂಬುತ್ತದೆ, ಒಳಬದಿಯದ್ದನ್ನು ಖಾಲಿ ಮಾಡುತ್ತದೆ. ತಿರುವು ಮುಗಿಯಿತು. ಈಗ ಬಸ್ಸು ನೇರ ರಸ್ತೆಯಲ್ಲಿ ಇನ್ನೊಂದು ಕಡೆಗೆ ವಾಲಿಕೊಂಡು ಹೋಗುತ್ತದೆ, ವಾಲ್ವ್ ಮತ್ತೆ ಸರಿ ಮಾಡುವ ತನಕ. ಹೊರಗೆ ಬಿಟ್ಟ ಗಾಳಿಯಂತೂ ಹೋಯಿತು, ಕಂಪ್ರೆಸರ್ ಮತ್ತೆ ದುಡಿಯಬೇಕು. ಅದಕ್ಕೇ ವಾಲ್ವಿಗೆ ಬೇಕೆಂದೇ ಒಂದಿಷ್ಟು ಸಡಿಲ, ಒಂದಿಷ್ಟು ವಿಳಂಬ ಇಡುತ್ತಾರೆ.

ಬ್ರೇಕಿನ ವಿಷಯ ಬೇಗ ಮುಗಿಸುತ್ತೇನೆ, ಅದಕ್ಕೇ ಒಂದು ದಿನ ಬೇಕು. ವಿಶ್ವಸಂಸ್ಥೆಯ 13ನೇ ವಾಹನ ನಿಯಮದ ಪ್ರಕಾರ ಪೆಡಲ್ ಥಟ್ಟನೆ ಒತ್ತಿದರೆ ಅತಿ ದೂರದ ಬ್ರೇಕ್ ಚೇಂಬರಿನಲ್ಲೂ 0.6 ಸೆಕೆಂಡಿನೊಳಗೆ ಒತ್ತಡ ತನ್ನ ಕೊನೆಯ ಮಟ್ಟದ 75 ಶೇಕಡಾ ಮುಟ್ಟಬೇಕು. 12 ಮೀಟರ್ ಪೈಪನ್ನು ಒತ್ತಡದ ಅಲೆ ದಾಟಲು 0.035 ಸೆಕೆಂಡ್ ಸಾಕು. ಉಳಿದ ಸಮಯ ಹೋಗುವುದು ಚೇಂಬರ್ ತುಂಬುವುದಕ್ಕೆ. ಹಿಂದಿನ ಆಕ್ಸಲಿನ ಪಕ್ಕದಲ್ಲೇ ಟ್ಯಾಂಕ್, ರಿಲೇ ವಾಲ್ವ್ ಇಡುವುದು ಅದಕ್ಕಾಗಿ. ಪೆಡಲಿನಿಂದ ಹೋಗುವುದು ಸಂದೇಶ ಮಾತ್ರ, ತುಂಬುವ ಗಾಳಿ ಹತ್ತಿರದ್ದು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ರಬ್ಬರಿನ ಬಗ್ಗೆ ಏನೂ ಹೇಳಲಿಲ್ಲವಲ್ಲ?’ ನಿಜ. ಚೀಲ ಪಿಸ್ಟನ್ ಮೇಲೆ ಉರುಳುತ್ತಾ ಇಳಿಯುವಾಗ ಭಾರ ಹೊರುವ ವಿಸ್ತೀರ್ಣವೇ ಬದಲಾಗುತ್ತದೆ. ಪಿಸ್ಟನ್ನಿಗೆ ನಡು ಸಣ್ಣ ಮಾಡಿದರೆ ಮೆತ್ತಗಾಗುತ್ತದೆ, ಕೆಳಗೆ ಅಗಲ ಮಾಡಿದರೆ ಕೊನೆಯಲ್ಲಿ ಗಡಸಾಗುತ್ತದೆ. ಒಳಗಿನ ನೂಲಿನ ಎಳೆಗಳ ಕೋನವೂ ಸೇರುತ್ತದೆ. ಇದಕ್ಕೆ ಅಬಾಕಸ್‌ನಂಥ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್, ಅಂದರೆ ವಸ್ತುವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಲೆಕ್ಕ ಹಾಕುವಂಥದ್ದು, ಬೇಕು. ಆದರೆ ಅದನ್ನು ಒಂದು ಸಲ ಓಡಿಸಿ, ಎತ್ತರಕ್ಕೆ ವಿಸ್ತೀರ್ಣ ಎಷ್ಟು ಅಂತ ಒಂದು ಪಟ್ಟಿ ತೆಗೆದು, ಆ ಪಟ್ಟಿಯನ್ನು ನಮ್ಮ ಚಿಕ್ಕ ಮಾಡೆಲ್ಲಿಗೆ ಕೊಟ್ಟರೆ ಸಾಕು. ಇಡೀ ಬಸ್ಸನ್ನು ಹಾಗೆ ಓಡಿಸುವವರನ್ನು ನೋಡಿದ್ದೇನೆ. ದುಡ್ಡಿದ್ದರೆ ಮಾಡಲಿ.

ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬರ ಪ್ರಶ್ನೆ: ‘ನಾವು ಚೀಲದೊಳಗೆ ಥರ್ಮೊಕಪಲ್ ಇಟ್ಟು ಅಳೆದೆವು. ಉಷ್ಣತೆ ಎರಡು ಡಿಗ್ರಿಯೂ ಏರಲಿಲ್ಲ. ನಿಮ್ಮ 55 ಎಲ್ಲಿ?’ ಯಾವ ದಪ್ಪದ್ದು ಅಂತ ಕೇಳಿದೆ. ಕವಚ ಇರುವ ದಪ್ಪದ್ದಂತೆ. ಅದು ತಾನು ಬಿಸಿಯಾಗುವಷ್ಟರಲ್ಲಿ ಚೀಲ ಹಲವು ಸಲ ಮೇಲೆ ಕೆಳಗೆ ಆಗಿರುತ್ತದೆ. ಅದು ತೋರಿಸುವುದು ಸರಾಸರಿ. ಕೂದಲಿನಷ್ಟು ತೆಳ್ಳನೆಯ ಬರಿ ತಂತಿಯದ್ದು ಹಾಕಿ, ಇಲ್ಲವೇ ಒತ್ತಡ ಅಳೆದು ಉಷ್ಣತೆ ಲೆಕ್ಕ ಹಾಕಿ. ಒತ್ತಡದ ಸೆನ್ಸರ್ ಅಷ್ಟು ಸೋಮಾರಿಯಲ್ಲ.

ಕೊನೆಯದು ಮೆಟ್ರೊದಲ್ಲಿ ದಿನಾ ಓಡಾಡುವ ಒಬ್ಬರದು: ‘ಚೀಲ ಒಡೆದರೆ?’ ಒಡೆದರೆ ಪೆಟ್ಟಿಗೆ ಚೀಲದ ಒಳಗೋ ಕೆಳಗೋ ಇರುವ ರಬ್ಬರ್ ಸ್ಪ್ರಿಂಗಿನ ಮೇಲೆ ಕೂರುತ್ತದೆ. ಸವಾರಿ ಒರಟಾಗುತ್ತದೆ, ಆದರೆ ಗಾಡಿ ಓಡುತ್ತದೆ. ಅಪಾಯ ಇರುವುದು ಒಂದು ಕಡೆ ಇಳಿದು ಇನ್ನೊಂದು ಕಡೆ ಎತ್ತರದಲ್ಲೇ ಉಳಿದರೆ. ಪೆಟ್ಟಿಗೆ ವಾಲುತ್ತದೆ, ಕೆಲವು ಗಾಲಿಗಳ ಮೇಲೆ ಭಾರ ಕಡಿಮೆಯಾಗುತ್ತದೆ, ತಿರುವಿನಲ್ಲಿ ಅದು ಒಳ್ಳೆಯದಲ್ಲ. ಅದಕ್ಕೆ ಒಂದೇ ಬೋಗಿಯ ಎಡ ಬಲ ಚೀಲಗಳ ನಡುವೆ ಒಂದು ವಾಲ್ವ್ ಇಟ್ಟಿರುತ್ತಾರೆ. ಒತ್ತಡದ ವ್ಯತ್ಯಾಸ ಮಿತಿ ಮೀರಿದರೆ ಅದು ತೆರೆದುಕೊಂಡು ಒಳ್ಳೆಯ ಚೀಲದ ಗಾಳಿಯನ್ನೂ ಒಡೆದ ಚೀಲದ ಕಡೆಗೆ ಬಿಡುತ್ತದೆ. ಎರಡೂ ಒಟ್ಟಿಗೆ ಇಳಿಯುತ್ತವೆ. ಆ ವಾಲ್ವಿನ ಮಿತಿ ತೀರಾ ಕಡಿಮೆ ಇದ್ದರೆ ಮಾಮೂಲು ತಿರುವಿನಲ್ಲೇ ತೆರೆದುಕೊಳ್ಳುತ್ತದೆ, ಜಾಸ್ತಿ ಇದ್ದರೆ ಬೇಕಾದಾಗ ತೆರೆಯುವುದಿಲ್ಲ. ತೂತು ಚಿಕ್ಕದಾದರೆ ಇಳಿಯಲು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ರೈಲು ವಾಲಿಕೊಂಡೇ ಓಡುತ್ತಿರುತ್ತದೆ. ಇದನ್ನು ಜನರನ್ನು ಕೂರಿಸಿ ಪರೀಕ್ಷೆ ಮಾಡುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ಚೀಲವನ್ನು ನೇರ ಹಳಿಯಲ್ಲಿ, ತಿರುವಿನ ಆರಂಭದಲ್ಲಿ, ಮಧ್ಯದಲ್ಲಿ, ತುಂಬಿದ ಗಾಡಿಯಲ್ಲಿ, ಖಾಲಿ ಗಾಡಿಯಲ್ಲಿ ಒಡೆದು ನೋಡುತ್ತೇವೆ. ಪ್ರತಿ ಸಲವೂ ಗಾಲಿಯ ಮೇಲಿನ ಭಾರ ಎಷ್ಟಕ್ಕೆ ಇಳಿಯಿತು ಅಂತ ಬರೆದುಕೊಳ್ಳುತ್ತೇವೆ. ಆಮೇಲೆ ಖಾಲಿ ಗಾಡಿಯಲ್ಲಿ, ಕಡಿಮೆ ವೇಗದಲ್ಲಿ, ಒಂದು ಸಲ ನಿಜವಾಗಿಯೂ ಗಾಳಿ ಬಿಟ್ಟು ಲೆಕ್ಕಕ್ಕೂ ಅಳತೆಗೂ ತಾಳೆ ನೋಡುತ್ತೇವೆ.